ಮೇಷ್ಟ್ರು ಕೇಳಿಸಿಕೊಳ್ಳುತ್ತಿದ್ದಾರೆ

"ನಾನು ಆ ಕಡೆ ಹಿಡೀತೀನಿ," ಎಂದು ಮಗಳು ಶವದ ಪೆಟ್ಟಿಗೆಯನ್ನು ಸುತ್ತಿಕೊಂಡು ಬಲಬದಿಗೆ ಹೋದಳು. ಅಲ್ಲಿ ನಿಂತಿದ್ದ ಸೈಕಲ್ ತಂಡದ ಸವಾರ ಜಾಗ ಬಿಟ್ಟುಕೊಟ್ಟ. ಆರು ಜನ ಬಗ್ಗಿ ಎತ್ತಿದರು, ಮೆಟ್ಟಿಲಿಳಿಯತೊಡಗಿದರು. ಮಗಳ ಎಡಗೈ ಪೆಟ್ಟಿಗೆಯ ಹಿಡಿಕೆಯ ಮೇಲಿತ್ತು. ಬಲಗೈ ಕೋಟಿನ ಜೇಬಿನಲ್ಲಿತ್ತು.

ಹಿಂದೆಯೇ ಇಳಿಯುತ್ತಿದ್ದ ತಾಯಿ ಅದನ್ನು ನೋಡಿದಳು. ಇಪ್ಪತ್ತಾರು ವರ್ಷ ಮೂಳೆ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ದುಡಿದವಳು ಅವಳು. ಯಾರ ಕೈಗೆ ಏನಾಗಿದೆ ಎನ್ನುವುದು ಅವರು ಬಾಗಿಲು ತೆಗೆಯುವ ರೀತಿಯಲ್ಲೇ ಗೊತ್ತಾಗಿಬಿಡುತ್ತಿತ್ತು. ಅಪ್ಪನ ಹೆಣ ಹೊರುವಾಗ ಜೇಬಿನಲ್ಲಿ ಕೈ ಇಟ್ಟುಕೊಳ್ಳುವಷ್ಟು ಕೊಬ್ಬು ತನ್ನ ಮಗಳಿಗಿಲ್ಲ. ಹಾಗಾದರೆ ಇನ್ನೇನು? ಗಂಡನ ಮೇಲಿನ ಸಿಟ್ಟೇ ಇನ್ನೂ ಆರಿರಲಿಲ್ಲ, ಅದರ ಮೇಲೆ ಇದೊಂದು.

ಸತ್ತವನು ಸೈಕಲ್ ರೇಸ್ ತಂಡವೊಂದರ ಮೆಕ್ಯಾನಿಕ್. ಮಗಳು ಅದೇ ತಂಡದಲ್ಲಿ ಸೈಕಲ್ ಓಡಿಸುವವಳು. ಚಕ್ರ ಕಟ್ಟುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲವಾದ್ದರಿಂದ ಎಲ್ಲರಿಗೂ ಅವನು ಮೇಷ್ಟ್ರು. ವಸಂತದ ಮೊದಲ ರೇಸಿಗೆ ಇನ್ನು ಮೂರೇ ದಿನವಿತ್ತು.

ಮಣ್ಣು ಮಾಡಿ ಎಲ್ಲರೂ ತಂಡದ ವರ್ಕ್‌ಶಾಪಿಗೆ ಬಂದರು. ಉದ್ದದ ಮೇಜಿನ ಮೇಲೆ ಟೀ ಇಟ್ಟಿದ್ದರು. ಅದರ ನಡುವೆ ಮೇಷ್ಟ್ರ ಫೋಟೋ, ಫೋಟೋಗೆ ಒರಗಿಸಿದ ಒಂದು ಹೊಸ ಚಕ್ರ. ಗೋಡೆ ತುಂಬ ಅವನು ಅಂಟಿಸಿದ್ದ ಚಿತ್ರಗಳು: ಕೆಸರು ಮೆತ್ತಿದ ಮುಖದವರು, ಮೊಣಕಾಲಿನಿಂದ ರಕ್ತ ಇಳಿಯುತ್ತಿದ್ದರೂ ಪೆಡಲ್ ತುಳಿಯುವವರು, ತೋಳನ್ನು ಎದೆಗೆ ಕಟ್ಟಿಕೊಂಡು ಗುಡ್ಡ ಹತ್ತುವವರು.

"ಇಷ್ಟು ಜನರಲ್ಲಿ ಒಬ್ಬನಾದರೂ ಮುಖ ತೊಳೆದಿದಾನಾ ನೋಡು," ಎಂದಳು ಸತ್ತವನ ಅಕ್ಕ.

"ನಿಮ್ಮ ತಮ್ಮನಿಗೆ ಇವರೇ ದೇವರು, ಅತ್ತಿಗೆ. ನನ್ನ ಫೋಟೋ ಒಂದಾದರೂ ಹಾಕಿದಾರಾ?"

"ನೀನೂ ಎಲ್ಲಾದರೂ ಬಿದ್ದು ರಕ್ತ ಸುರಿಸಿಕೊಂಡಿದ್ದರೆ ಹಾಕ್ತಿದ್ದ ಬಿಡು."

ಇಬ್ಬರಿಗೂ ನಗು ಬರುವುದರಲ್ಲಿತ್ತು. ಬರಲಿಲ್ಲ.

* * *

ಮದುವೆಯಾದ ವರ್ಷ, ಚಳಿಗಾಲದ ಕೊನೆಯಲ್ಲಿ, ಅವನು ಅವಳನ್ನು ರೇಸ್ ನೋಡಲೆಂದು ಕಲ್ಲುಹಾಸಿನ ರಸ್ತೆಯ ಪಕ್ಕ ಮೂರು ಗಂಟೆ ನಿಲ್ಲಿಸಿದ್ದ. ಸವಾರರು ಬಂದರು. ಒಬ್ಬ ಅವಳ ಕಾಲ ಬುಡದಲ್ಲೇ ಬಿದ್ದ. ಹೆಗಲ ಮೂಳೆ ಮುರಿದದ್ದು ಅವಳಿಗೆ ಕೇಳಿಸಿತು. ಅವನು ಎದ್ದ, ಬೈದ, ಮತ್ತೆ ಸೈಕಲ್ ಹತ್ತಿ ಹೋದ.

"ನೋಡಿದೆಯೇನೇ?" ಎಂದ ಗಂಡನ ಕಣ್ಣಲ್ಲಿ ನೀರಿತ್ತು. "ಮನುಷ್ಯ ಅಂದರೆ ಅವನು."

"ಅವನಿಗೆ ಪ್ಲಾಸ್ಟರ್ ಬೇಕು," ಎಂದಿದ್ದಳು ಅವಳು.

ಅಲ್ಲಿಂದ ಪ್ರತಿವರ್ಷ ಅದೇ ಕತೆ. ರೇಸುಗಳು ಶುರುವಾಗುವ ಮೊದಲು ಗೋಡೆಗೊಂದು ಹೊಸ ಚಿತ್ರ, ಊಟಕ್ಕೆ ಕೂತರೆ ಅವರದೇ ಪುರಾಣ. ಚಕ್ರ ಕಟ್ಟಲು ಅವಳೂ ಕೂರುತ್ತಿದ್ದಳು. ನಡುವಿನ ಗುಂಬಕ್ಕೆ ಮೂವತ್ತೆರಡು ಸ್ಪೋಕ್ ಪೋಣಿಸುವುದು ಅವಳ ಕೆಲಸ, ಬಿಗಿ ಮಾಡಿ ಚಕ್ರದ ಓಲಾಟ ತೆಗೆಯುವುದು ಅವನದು. ಕೊನೆಗೆ ಅವನು ಕಣ್ಣು ಮುಚ್ಚಿ ಒಂದೊಂದೇ ಸ್ಪೋಕ್ ಮೀಟುತ್ತಿದ್ದ. ಎಲ್ಲದರ ದನಿ ಒಂದೇ ಆಗುವವರೆಗೆ ಹತ್ತಿರದಲ್ಲಿ ಯಾರೂ ಪಿಟಕ್ ಎನ್ನಬಾರದು. ಅದು ಮನೆಯಲ್ಲೂ ನಿಯಮ, ವರ್ಕ್‌ಶಾಪಿನಲ್ಲೂ ನಿಯಮ.

ಈ ಸಲ ವರ್ಕ್‌ಶಾಪಿನಲ್ಲಿ ಅವಳು ಪೋಣಿಸುವಾಗ ಅವನು ಎರಡು ಬಾರಿ ಎದೆ ನೀವಿಕೊಂಡಿದ್ದ.

"ಏನು?"

"ಗ್ಯಾಸ್ಟ್ರಿಕ್ ಕಣೇ."

"ಆಸ್ಪತ್ರೆಗೆ ನಡೀರಿ, ನನ್ನ ಜೊತೇಲೇ."

"ಮೊದಲನೇ ರೇಸು ಮುಗೀಲಿ," ಎಂದು ಅವನು ಗೋಡೆಯ ಕಡೆ ನೋಡಿದ್ದ. ಆ ಕೆಸರುಮೂತಿಗಳ ಅಪ್ಪಣೆ ಕೇಳುವವನಂತೆ.

* * *

ಮ್ಯಾನೇಜರು ಲೋಟವನ್ನು ಚಮಚದಿಂದ ತಟ್ಟಿದ. ಎಲ್ಲರೂ ಅವನ ಕಡೆ ತಿರುಗಿದರು.

"ಮಂಗಳವಾರ ಊಟ ಆದಮೇಲೆ ನಾನೇ ಈ ಬಾಗಿಲಲ್ಲಿ ನಿಂತು ನೋಡಿದೆ," ಎಂದು ಶುರುಮಾಡಿದ. "ಮೇಷ್ಟ್ರು ಅಗೋ ಅಲ್ಲಿ, ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ರು. ತೊಡೆ ಮೇಲೆ ಈ ಚಕ್ರ. ಕಣ್ಣು ಮುಚ್ಚಿತ್ತು, ತಲೆ ಬಗ್ಗಿತ್ತು. ಸದ್ದು ಮಾಡಬೇಡಿ, ಮೇಷ್ಟ್ರು ಕೇಳಿಸಿಕೊಳ್ತಿದಾರೆ ಅಂತ ಎಲ್ಲರಿಗೂ ಹೇಳಿದೆ. ನಲವತ್ತು ನಿಮಿಷ ಇಡೀ ತಂಡ ಕಾಲ ತುದಿಯಲ್ಲಿ ಓಡಾಡಿತು. ಆಮೇಲೆ ನೋಡಿದರೆ ಹೋಗಿಬಿಟ್ಟಿದ್ದರು. ಬಾಯಿಬಿಟ್ಟು ಒಂದು ನೋವು ಹೇಳಿದವರಲ್ಲ. ಗಟ್ಟಿ ಜೀವ ಅಂದರೆ ಅದು."

ಕೆಲವರು ಕಣ್ಣೊರೆಸಿಕೊಂಡರು. ಸತ್ತವನ ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು.

"ನಲವತ್ತು ನಿಮಿಷದಲ್ಲಿ ಸ್ಪೋಕ್ ಮೀಟಿದ ಸದ್ದು ಒಂದಾದರೂ ಬಂತಾ?" ಎಂದು ಕೇಳಿದಳು.

ಮ್ಯಾನೇಜರು ತಬ್ಬಿಬ್ಬಾದ. "ಅಂದರೆ?"

"ಕೇಳಿಸಿಕೊಳ್ಳೋಕೆ ಏನಾದರೂ ಸದ್ದು ಬೇಕಲ್ಲ. ಇಷ್ಟು ಜನ ಇದ್ದಿರಿ. ಒಬ್ಬರಿಗೂ ಹೊಳೀಲಿಲ್ವಾ?"

ಮ್ಯಾನೇಜರು ಚಮಚ ಕೆಳಗಿಟ್ಟು ಚಕ್ರದ ಕಡೆ ಕೈ ತೋರಿಸಿದ. "ನಿಮ್ಮ ದುಃಖ ನಮಗೆ ಅರ್ಥ ಆಗುತ್ತಮ್ಮ. ಅದಕ್ಕೇ ಮೇಷ್ಟ್ರು ಕಟ್ಟಿದ ಈ ಕೊನೇ ಚಕ್ರ ಹಾಕ್ಕೊಂಡು ನಿಮ್ಮ ಮಗಳು ಭಾನುವಾರ ರೇಸಿಗೆ ಇಳೀತಾಳೆ." ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟದಿದ್ದವರು ಇಬ್ಬರೇ. ಒಬ್ಬಳು ತಾಯಿ. ಇನ್ನೊಬ್ಬಳ ಎಡಗೈಯಲ್ಲಿ ಟೀ ಲೋಟವಿತ್ತು, ಬಲಗೈ ಜೇಬಿನಲ್ಲೇ ಇತ್ತು.

ತಾಯಿ ಮಗಳ ರೆಟ್ಟೆ ಹಿಡಿದು ಹಿಂದಿನ ಕೋಣೆಯ ಸಿಂಕಿನ ಹತ್ತಿರ ಎಳೆದುಕೊಂಡು ಹೋದಳು.

"ಕೈ ಕೊಡು."

"ಏನಿಲ್ಲ ಬಿಡಮ್ಮ."

"ಕೊಡು ಅಂದೆ."

ಹೆಬ್ಬೆರಳ ಬುಡದ ಗುಳಿ ಊದಿ ಮುಚ್ಚಿಹೋಗಿತ್ತು. ತಾಯಿ ಅಲ್ಲಿ ಒತ್ತಿದಳು. ಮಗಳ ಮುಖ ಬಿಳಿಚಿತು, ಆದರೆ ಉಸಿರು ಕೂಡ ಹೊರಬರಲಿಲ್ಲ.

"ನೋವಾಯ್ತಾ?"

"ಇಲ್ಲ."

"ನಿಮ್ಮಪ್ಪನೂ ಹೀಗೇ ಬೊಗಳ್ತಿದ್ದ. ಯಾವಾಗ ಬಿದ್ದೆ?"

"ಹತ್ತು ದಿನ ಆಯ್ತು. ತರಬೇತೀಲಿ."

"ಯಾರಿಗೆ ಗೊತ್ತು?"

"ಮ್ಯಾನೇಜರಿಗೆ. ಟೇಪ್ ಸುತ್ತಿಕೊಂಡರೆ ನಡೆಯುತ್ತೆ, ನೀನು ಮೇಷ್ಟ್ರ ಮಗಳು ಅಂದ್ರು."

"ಮುರಿದಿರೋದು ಮಣಿಕಟ್ಟಿನ ಚಿಕ್ಕ ಮೂಳೆ. ಕೂಡಿಸದೆ ಬಿಟ್ಟರೆ ಒಳಗೇ ಸಾಯುತ್ತೆ. ಆಮೇಲೆ ಬ್ರೇಕ್ ಹಿಡಿಯೋದಿರಲಿ, ನಿನ್ನ ತಲೆ ನೀನು ಬಾಚಿಕೊಳ್ಳೋಕೂ ಆಗಲ್ಲ. ಭಾನುವಾರ ರೇಸಿಗೆ ಇಳೀಬೇಡ."

"ಅಪ್ಪನ ಕೊನೇ ಚಕ್ರ, ಅಮ್ಮ. ಅದನ್ನಾದರೂ ಮಾಡದಿದ್ದರೆ..." ಮಗಳು ಸಿಂಕಿನ ಕಡೆ ಮುಖ ತಿರುಗಿಸಿದಳು. "ಮಂಗಳವಾರ ಅಪ್ಪನಿಗೆ ಕೈ ತೋರಿಸೋಣ ಅಂತಲೇ ಒಳಗೆ ಹೋಗಿದ್ದೆ. ಕಣ್ಣು ಮುಚ್ಚಿದ್ರು. ಸದ್ಯ, ನೋಡಲಿಲ್ಲ ಅನ್ನಿಸ್ತು. ಸದ್ದು ಮಾಡದೆ ಆಚೆ ಬಂದುಬಿಟ್ಟೆ."

ತಾಯಿಗೆ ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಲಿಲ್ಲ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಗಂಡನ ಕೆನ್ನೆಗೂ, ಅವನು ಸಿಕ್ಕಿದ್ದರೆ. ನೋವನ್ನು ನುಂಗುವುದನ್ನು ಮನೆಯ ದೊಡ್ಡಸ್ತಿಕೆ ಮಾಡಿಟ್ಟು ಮಹರಾಯ ಆರಾಮವಾಗಿ ಹೋಗಿ ಮಲಗಿದ್ದ. ಅವಳು ಮಗಳ ಕೈ ಬಿಟ್ಟು ಹೊರಗೆ ನಡೆದಳು.

ಗಂಡನ ಏಪ್ರನ್ ಮೊಳೆಯಲ್ಲಿ ಹಾಗೇ ನೇತಾಡುತ್ತಿತ್ತು. ಅದರ ಜೇಬಿನಿಂದ ಅವನ ಸ್ಪೋಕ್ ಕೀ ತೆಗೆದಳು. ಮೇಜಿನ ಮೇಲಿನ ಚಕ್ರವನ್ನು ಎತ್ತಿಕೊಂಡು, ಅವನು ಕೂತಿದ್ದ ಜಾಗದಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಮೊದಲ ಸ್ಪೋಕನ್ನು ಬೆರಳಿನಿಂದ ಮೀಟಿದಳು. ದನಿ ಸ್ಪಷ್ಟವಾಗಿತ್ತು. ಚೆನ್ನಾಗಿಯೇ ಕಟ್ಟಿದ್ದ, ಪಾಪಿ. ಕೀ ಹಾಕಿ ಉಲ್ಟಾ ತಿರುಗಿಸಿದಳು.

"ಏನು ಮಾಡ್ತಿದೀರಿ? ಅದು ರೇಸಿನ ಚಕ್ರ," ಎಂದು ಮ್ಯಾನೇಜರು ಓಡಿಬಂದ.

"ಪೋಣಿಸಿದ್ದು ನಾನು. ಬಿಚ್ಚೋದೂ ನಾನೇ."

"ಮೇಷ್ಟ್ರ ನೆನಪು ಅದು..."

"ಮುರಿದ ಕೈಗೆ ಟೇಪ್ ಸುತ್ತೋಕೆ ಹೇಳಿದವರು ಮೇಷ್ಟ್ರ ವಿಷಯ ಎತ್ತಬೇಡಿ. ದೂರ ನಿಲ್ಲಿ."

ಅಷ್ಟೂ ಜನ ತಿರುಗಿ ಮ್ಯಾನೇಜರನ್ನು ನೋಡಿದರು. ಅವನು ಮತ್ತೆ ಬಾಯಿ ತೆರೆಯುವುದರೊಳಗೆ ಸತ್ತವನ ಅಕ್ಕ ಒಂದು ಲೋಟ ಟೀ ತಂದು ಅವನ ಕೈಗೆ ಕೊಟ್ಟು, "ಕುಡೀರಿ, ಆರಿಹೋಗುತ್ತೆ," ಎಂದಳು.

ಒಂಟಿಯಾಗಿ ಚಕ್ರ ಬಿಚ್ಚುವುದು ಸುಲಭವಲ್ಲ. ತೊಡೆಯ ಮೇಲಿಂದ ಅದು ಜಾರುತ್ತಿತ್ತು. ನಾಲ್ಕು ಸ್ಪೋಕ್ ಬಿಚ್ಚುವಷ್ಟರಲ್ಲಿ ಅವಳ ಬೆರಳು ತರಚಿತು. "ಅಯ್ಯೋ, ಉರಿ," ಎಂದಳು, ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ, ಮತ್ತೆ ಕೀ ಹಾಕಿದಳು.

ಮಗಳು ಸಿಂಕಿನ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಬಂದು ತಾಯಿಯ ಎದುರು ನೆಲದ ಮೇಲೆ ಕೂತು, ಎಡಗೈಯಿಂದ ರಿಮ್ ಹಿಡಿದುಕೊಂಡಳು. ಚಕ್ರ ಅಲುಗಾಡುವುದು ನಿಂತಿತು. ತಾಯಿ ಐದನೆಯ ಸ್ಪೋಕಿಗೆ ಕೀ ಹಾಕಿದಾಗ ಮಗಳು ಬಲಗೈಯನ್ನು ಜೇಬಿನಿಂದ ಮೆಲ್ಲಗೆ ಹೊರತೆಗೆದಳು. ತೆಗೆಯುವಾಗ ಜೇಬಿನ ಅಂಚು ತಾಗಿತು.

"ನೋಯ್ತಿದೆ, ಅಮ್ಮ," ಎಂದಳು.

ಊದಿದ ಕೈಯನ್ನು ಅಂಗೈ ಮೇಲಾಗಿ, ಎಲ್ಲರಿಗೂ ಕಾಣುವಂತೆ, ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.