ಕ್ರೇನಣ್ಣ ಕೇಳಿದ ದಿನ

ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಕ್ರೇನಣ್ಣ ಎಂದು. ಎಂಥ ಭಾರದ ರೋಗಿಯನ್ನೂ ಒಬ್ಬನೇ ಎತ್ತಿ ಗಾಲಿಕುರ್ಚಿಗೆ ಕೂರಿಸುತ್ತಿದ್ದ. ವರ್ಷಗಟ್ಟಲೆ ವಾರ್ಡ್ ಬಾಯ್ ಆಗಿ ದುಡಿದವನು ಹೆಂಡತಿಯ ಒತ್ತಾಯಕ್ಕೆ ಮಣಿದು ನರ್ಸಿಂಗ್ ಓದಲು ಸೇರಿದ್ದ. ತರಗತಿಯ ಹುಡುಗಿಯರ ಬಾಯಲ್ಲಿ ಅವನು ‘ಅಂಕಲ್’. ಬರೆಯುವ ಪರೀಕ್ಷೆ ಅವನಿಗೆ ಕಬ್ಬಿಣದ ಕಡಲೆ. ಇವತ್ತಿನದು ಮಾತ್ರ ಮಾಡಿ ತೋರಿಸುವ ಪರೀಕ್ಷೆ, ಅದೂ ತನ್ನ ಹಳೆಯ ವಾರ್ಡಿನಲ್ಲೇ. ರೋಗಿಯ ಮಗ್ಗುಲು ಬದಲಿಸಿ ಬೆನ್ನು ಒರೆಸಬೇಕು.

“ಇದ್ರಲ್ಲೂ ಫೇಲಾದ್ರೆ ಮತ್ತೆ ಟ್ರಾಲಿ ತಳ್ಳೋದೇ ಗತಿ ಕಣೇ,” ಎಂದಿದ್ದ ಬೆಳಿಗ್ಗೆ.

“ನಿದ್ದೆಗಣ್ಣಲ್ಲೂ ಮಾಡ್ತೀರ, ಸುಮ್ನೆ ಹೋಗ್ಬನ್ನಿ,” ಎಂದು ಹೆಂಡತಿ ನಕ್ಕಿದ್ದಳು.

ಯಾವ ರೋಗಿ ಬೇಕೆಂದು ಪರೀಕ್ಷೆ ನಡೆಸುವ ಮೇಡಂ ಕೇಳಿದಾಗ ಕಿಟಕಿ ಪಕ್ಕದ ಟೈಲರಜ್ಜಿಯನ್ನು ತೋರಿಸಿದ. ಕಾಲು ಸ್ವಾಧೀನ ತಪ್ಪಿ ಬಹುಕಾಲದಿಂದ ಅಲ್ಲೇ ಉಳಿದಿದ್ದ ಅವರನ್ನು ವಾರ್ಡ್ ಬಾಯ್ ಆಗಿದ್ದಾಗ ಅದೆಷ್ಟು ಸಲ ಎತ್ತಿದ್ದನೋ. “ಅಜ್ಜೀ, ವಿಮಾನ ಹೊರಡ್ತು, ಬೆಲ್ಟ್ ಹಾಕ್ಕೊಳ್ಳಿ!” ಎಂದು ಕೂಗಿ ಎತ್ತಿದರೆ ವಾರ್ಡೆಲ್ಲ ನಗುತ್ತಿತ್ತು. ಅಜ್ಜಿ ಮಾತ್ರ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದರು. “ಆಗ್ಲೇ ನಿದ್ದೆನಾ?” ಎಂದು ಅದಕ್ಕೂ ತಮಾಷೆ ಮಾಡುತ್ತಿದ್ದ.

ಅವನನ್ನು ಕಂಡು ಅಜ್ಜಿಯ ಮುಖ ಅರಳಿತು. “ಏನೋ ಕ್ರೇನು, ಬಿಳಿ ಬಟ್ಟೇಲಿ ಮದುಮಗನ ಥರ ಕಾಣ್ತಿದೀಯಲ್ಲೋ!”

ಪರದೆ ಎಳೆದ. ಹಿಂದೆ ಮೇಡಂ ಪೆನ್ನು ಹಿಡಿದು ನಿಂತರು. ಮುಟ್ಟುವ ಮೊದಲು ಕೇಳಬೇಕು, ಅದು ಪಾಠದ ಮೊದಲ ಮಾತು.

“ಅಜ್ಜೀ, ನಿಮ್ಮನ್ನ ತಿರುಗಿಸಿ ಬೆನ್ನು ಒರೆಸ್ಲಾ?” ಎಂದು ಬಾಯಿಪಾಠ ಒಪ್ಪಿಸಿದ. ಉತ್ತರ ಬರುವ ಮೊದಲೇ ಅವನ ಕೈ ಹೊದಿಕೆಯ ಅಂಚಿನಲ್ಲಿತ್ತು.

“ಬೇಡಪ್ಪ.”

“ಅಜ್ಜೀ, ನಾನೇ ಕಣಜ್ಜಿ!”

“ಗೊತ್ತು ಕಣೋ. ಗಂಡಸು ನೀನು. ನಂಗೆ ನಾಚಿಕೆ ಆಗುತ್ತೆ.”

“ಇಷ್ಟು ದಿನ ನಾನೇ ಎತ್ತಿದ್ನಲ್ಲ...”

“ಇಷ್ಟು ದಿನ ನೀನು ಕೇಳಿದ್ಯಾ?” ಅಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ. “ಎತ್ತುವಾಗ ಬಟ್ಟೆ ಮೇಲಕ್ಕೆ ಸರೀತಿತ್ತು, ಎಲ್ರೂ ನಗ್ತಿದ್ರು. ಅದಕ್ಕೇ ಕಣ್ಣು ಮುಚ್ಕೋತಿದ್ದೆ.”

“ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿ, ನೀನು ಮುನಿಸ್ಕೊಂಡು ಬರೋದೇ ಬಿಟ್ಟಿದ್ರೆ? ನನ್ನ ಎತ್ತೋಕೆ ಇನ್ಯಾರಿದ್ರು, ಹೇಳು.”

ಬೆಂಕಿ ತಾಗಿದಂತೆ ಕೈ ಹಿಂದಕ್ಕೆ ಬಂತು. ಆ ಕೂಗು, ಆ ನಗು ಎಲ್ಲ ಕಿವಿಯಲ್ಲಿ ಮತ್ತೆ ಮೊಳಗಿದವು. ನಾನು ಫೇಲಾಗ್ತೀನಿ ಅಜ್ಜಿ ಎಂದರೆ ಸಾಕು, ಈ ಜೀವ ಈಗಲೂ ಕಣ್ಣು ಮುಚ್ಚಿಕೊಂಡು ಒಪ್ಪಿಬಿಡುತ್ತದೆ. ಮಾತು ನಾಲಿಗೆ ತುದಿಗೆ ಬಂದೂ ಬಿಟ್ಟಿತ್ತು. ನುಂಗಿಕೊಂಡ.

“ಮೇಡಂ, ಅಜ್ಜಿ ಬೇಡ ಅಂತಿದಾರೆ. ಹುಡುಗೀರಲ್ಲಿ ಯಾರಾದ್ರೂ ಬರ್ಲಿ.”

“ನಿಮ್ಮ ಪರೀಕ್ಷೆ?”

“ನೀವು ಹೇಳಿದ ಹಾಗೆ, ಮೇಡಂ.”

ಮೇಡಂ ಅವನ ಮುಖವನ್ನೊಮ್ಮೆ ನೋಡಿ, ಪಕ್ಕದ ಗಂಡಸರ ವಾರ್ಡಿಗೆ ಕರೆದೊಯ್ದರು. ಬಾಗಿಲ ಹತ್ತಿರದ ಹಾಸಿಗೆಯಲ್ಲಿ ವಯಸ್ಸಾದ ಲಾರಿ ಡ್ರೈವರೊಬ್ಬ ಮಲಗಿದ್ದ. ಅವನನ್ನೂ ಎತ್ತಿ ಅಭ್ಯಾಸವಿತ್ತು.

“ಮಾವ, ಮಗ್ಗುಲು ತಿರುಗಿಸ್ಲಾ?”

“ಹೂಂ.”

“ನಿಜ ಹೇಳಿ ಮಾವ. ಬೇಡ ಅನ್ಸಿದ್ರೆ ಬೇಡ ಅನ್ನಿ.”

“ಅಯ್ಯೋ, ಬೆನ್ನು ಉರೀತಿದೆ ಮಾರಾಯ! ಪರ್ಮಿಟ್ ಬರ್ಕೊಡ್ಲಾ?”

ಮೇಡಂ ತುಟಿ ಬಿಗಿಹಿಡಿದು ನಗು ತಡೆದರು. ಅವನಿಗೆ ನಗು ಬರಲಿಲ್ಲ. ಡ್ರೈವರನ ಕಣ್ಣುಗಳನ್ನೇ ನೋಡುತ್ತ ಮೆಲ್ಲಗೆ ತಿರುಗಿಸಿದ. ಒದ್ದೆ ಬಟ್ಟೆ ಹಿಂಡುತ್ತಿದ್ದಾಗ ಗೋಡೆಯಾಚೆಯಿಂದ ಟೈಲರಜ್ಜಿಯ ನಗು ಕೇಳಿಸಿತು. “ನಿಧಾನ ಕಣೇ, ಕಚಗುಳಿ ಆಗುತ್ತೆ!”

ಯಾರಾದರೂ ತಮ್ಮನ್ನು ಎತ್ತುವಾಗ, ತಿರುಗಿಸುವಾಗ ಅಜ್ಜಿ ನಕ್ಕಿದ್ದನ್ನು ಅವನು ಕೇಳಿದ್ದು ಅದೇ ಮೊದಲು.