ದ್ವಿದಳವ್ರತದ ಮೊದಲ ಬೆಳಿಗ್ಗೆ

ತಿಂಗಳು ಬದಲಾದದ್ದು ವೆಬ್‌ಸೈಟಿಗೆ ಗೊತ್ತಾಗಿರಲಿಲ್ಲ.

ಚಾತುರ್ಮಾಸ್ಯ ಹಿಡಿದವರಿಗೆ ಕೋಡಂಬಾಕ್ಕಂನ ತನ್ನ ಮನೆಯಿಂದ ಊಟ ಕಳಿಸುವ ಸರಸಳಿಗೆ ಗೊತ್ತಿತ್ತು. ಹಾಲು ಬಿಡುವ ಕ್ಷೀರವ್ರತ ಮುಗಿದಿತ್ತು; ಇಂದಿನಿಂದ ಬೇಳೆಕಾಳು ಬಿಡುವ ದ್ವಿದಳವ್ರತ. ಹಾಲು ಬಂತು, ಬೇಳೆ ಹೋಯಿತು.

"ಪ್ರಣಮ್ಯಾ, ನಿನ್ನ ವೆಬ್‌ಸೈಟಲ್ಲಿ ಇನ್ನೂ ತೊವ್ವೆ ಉಂಟಲ್ಲ!"

"ಚಾನ್ಸೇ ಇಲ್ಲೈ ಅಮ್ಮಾ. ನಿನ್ನೆಯೇ ಬದಲಾಯಿಸಿದೆ." ಮಗಳು ತಮಿಳು ಬೆರೆಸುತ್ತ, ಹಲ್ಲುಜ್ಜುತ್ತಲೇ ಬಂದಳು.

"ನೋಡು ಮತ್ತೆ. ಎಂಟಕ್ಕೆ ಆರ್ಡರ್ ಶುರು. ಕೀಲ್ಪಾಕ್‌ನ ರತ್ನಾವತಮ್ಮ ಇದನ್ನು ನೋಡಿದರೆ ಇನ್ನು ನಮ್ಮ ಅನ್ನ ಮುಟ್ಟಲಿಕ್ಕಿಲ್ಲ. ವ್ರತದವರ ನಂಬಿಕೆ ಒಮ್ಮೆ ಹೋದರೆ ಹೋಯಿತು ಮಾರಾಯ್ತಿ."

ಪ್ರಣಮ್ಯಾ ಲ್ಯಾಪ್‌ಟಾಪನ್ನು ತೆಂಗಿನಕಾಯಿ ಹೋಳುಗಳ ಪಕ್ಕ ಇಟ್ಟು ಸರ್ವರಿಗೆ ಲಾಗಿನ್ ಆದಳು. ಅವಳ ಪ್ರೋಗ್ರಾಮಿಗೆ ಯಾವ ವ್ರತವೂ ಸ್ವತಃ ಗೊತ್ತಿಲ್ಲ. ಅದು ಶುರುವಾಗುವಾಗ ತಾನಿರುವ ಆ ಸರ್ವರ್ ಯಂತ್ರವನ್ನು ಕೇಳುತ್ತದೆ: ಈಗ ಯಾವ ವ್ರತ? ಉತ್ತರವಾಗಿ ಸಿಕ್ಕ ಪದವೊಂದನ್ನು ಹಿಡಿದು ಊಟದ ಪಟ್ಟಿ ತೋರಿಸುತ್ತದೆ. ತಿಂಗಳಿಗೊಮ್ಮೆ ಕೋಡ್ ಬಿಚ್ಚಬೇಕಿಲ್ಲ ಎಂಬುದು ಅವಳ ಜಂಬ.

ಅಲ್ಲೇ, ತನ್ನ ಕೈಯಿಂದ ಪ್ರೋಗ್ರಾಮನ್ನು ಓಡಿಸಿದಳು. ಮೆಣಸಿನ ಸಾರು, ಅಕ್ಕಿ ಪಾಯಸ. ಸರಿಯೇ ಇದೆ. ಅಮ್ಮನ ಫೋನಿನಲ್ಲಿ ಮಾತ್ರ ತೊವ್ವೆ.

ವೆಬ್‌ಸೈಟು ನಡೆಸುತ್ತಿರುವ ಪ್ರೋಗ್ರಾಮಿಗೆ ಸಿಕ್ಕಿದ ಪದ ಯಾವುದೆಂದು ತೆಗೆದು ನೋಡಿದಳು. 'ಕ್ಷೀರ'. ಪೇಸ್ಟಿನ ನೊರೆಯ ನಡುವೆಯೇ ನಗು ಬಂತು. ಹೊಸ ಪದವನ್ನು ನಿನ್ನೆ ಅವಳು ಹೇಳಿದ್ದು ತನ್ನ ಲಾಗಿನ್ನಿಗೆ ಮಾತ್ರ; ಅವಳು ತಾನೇ ಓಡಿಸಿದ್ದಕ್ಕಷ್ಟೇ ಅದು ಸಿಗುತ್ತದೆ. ವೆಬ್‌ಸೈಟನ್ನು ಓಡಿಸುವುದು ಅವಳಲ್ಲ, ಯಂತ್ರವೇ. ಅದು ತನ್ನದೇ ಒಂದು ಫೈಲು ನೋಡಿಕೊಂಡು ಪದ ಕೊಡುತ್ತದೆ, ಅಲ್ಲಿ ಹಳೆಯ ತಿಂಗಳೇ ಕೂತಿತ್ತು.

ಫೈಲು ತಿದ್ದಿದಳು.

"ಈಗಲೂ ತೊವ್ವೆ," ಎಂದಳು ಸರಸ, ಫೋನು ಎತ್ತಿ ಹಿಡಿದು.

"ಅದು ಏಳುವಾಗ ಮಾತ್ರ ಕೇಳಿಸಿಕೊಳ್ಳುತ್ತೆ ಅಮ್ಮಾ. ಒಮ್ಮೆ ಮಲಗಿಸಿ ಎಬ್ಬಿಸಬೇಕು."

"ಎಬ್ಬಿಸಿದ ಮೇಲಾದರೂ ಕೇಳುತ್ತದಲ್ಲ. ನಿನಗಿಂತ ವಾಸಿ."

ಪ್ರಣಮ್ಯಾ ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡಿದಳು. ಪುಟ ಕ್ಷಣ ಬಿಳಿಯಾಯಿತು, ಮತ್ತೆ ತುಂಬಿತು. ಸರಸ ಬೆರಳಿನಿಂದ ಕೆಳಗಿನವರೆಗೆ ಸರಿಸಿದಳು, ಮೇಲೆ ಬಂದಳು, ಇನ್ನೊಮ್ಮೆ ಇಳಿದಳು. ಬೇಳೆಯ ಹೆಸರಿಲ್ಲ.

ಎಂಟು ದಾಟಿ ಸ್ವಲ್ಪ ಹೊತ್ತಿಗೆ ರತ್ನಾವತಮ್ಮನ ಆರ್ಡರ್ ಬಂತು. ಎರಡು ಊಟ. ಕೆಳಗೊಂದು ಸಾಲು: ಪಾಯಸ ಧಾರಾಳ ಹಾಕು ಸರಸ, ಒಂದು ತಿಂಗಳಾಯ್ತು.

"ಅವರಿಗೆ ಧಾರಾಳ ಅಂದರೆ ಎಷ್ಟು ಅಂತ ನಿನ್ನ ಯಂತ್ರಕ್ಕೆ ಗೊತ್ತುಂಟಾ?" ಎನ್ನುತ್ತ ಸರಸ ಅಕ್ಕಿ ಅಳೆಯಲು ಎದ್ದಳು.

"ಇಲ್ಲ," ಎಂದಳು ಪ್ರಣಮ್ಯಾ, ಬಾಯಿ ತೊಳೆಯಲು ಹೋಗುತ್ತ. "ನನಗೂ ಸೇರಿಸಿ ಹಾಕು."