ತಪ್ಪಿದ ನಮಸ್ಕಾರ

ವಡೋದರಾದ ಬ್ಯಾಂಕ್ ಕ್ವಾರ್ಟರ್ಸಿನಲ್ಲಿ ಇಂದುಮತಿ ಎರಡು ದಿನದಿಂದ ಅಂಗಾತ ಮಲಗಿ, ಮನಸ್ಸಿನಲ್ಲೇ ವಿಠಲನನ್ನು ನೆನೆಯುತ್ತಿದ್ದಳು. ಡಾಕ್ಟರು ಅವಳ ಬಲಗಣ್ಣಿನ ಕಾರ್ನಿಯಾದ ಒಳಪದರವನ್ನಷ್ಟೇ ತೆಗೆದು, ತೀರಿಕೊಂಡ ಯಾರೋ ಪುಣ್ಯಾತ್ಮರು ದಾನ ಕೊಟ್ಟ ಪದರವನ್ನು ಕೂರಿಸಿ, ಅದು ಅಂಟಿಕೊಳ್ಳಲೆಂದು ಒಳಗೊಂದು ಗಾಳಿಗುಳ್ಳೆ ಬಿಟ್ಟಿದ್ದರು. ಮೂರು ದಿನದೊಳಗೆ ತಲೆ ಬಗ್ಗಿಸಿದರೆ ಪದರ ಜಾರಿ, ಬರುವ ದೃಷ್ಟಿಯೂ ಬಾರದೆ ಹೋದೀತೆಂದು ಎಚ್ಚರಿಸಿದ್ದರು.

ಆಗ ಸೂರತ್ತಿನಿಂದ ಹಿರಿಯ ವಾರಗಿತ್ತಿ ಭಾಗೀರಥಿ ಬಂದು ಮಂಚದ ಪಕ್ಕ ನಿಂತಳು.

“ಹಿರೇರು ಬಂದ್ರ ಎದ್ದು ನಮಸ್ಕಾರ ಮಾಡೂ ಪದ್ಧತಿನೂ ಕಣ್ಣಿನ ಪದರದ ಜೋಡಿ ತಗದ್ರೇನ, ಇಂದು?”

“ಬಗ್ಗಬಾರದಂತ ಹೇಳ್ಯಾರ್ರೀ ಅಕ್ಕಾ.”

“ಮದುವಿ ಆದಾಗಿಂದ ನಿನಗ ಏನರ ಒಂದು ನೆವ ಇದ್ದೇ ಇರ್ತದ. ಏಳು!” ಎಂದು ಭಾಗೀರಥಿ ಅವಳ ರಟ್ಟೆ ಹಿಡಿದು ಎಳೆದಳು.

ಇಂದುಮತಿ ಮಂಚದ ಪಟ್ಟಿಯನ್ನು ಬಿಗಿಯಾಗಿ ಹಿಡಿದು, ಮೇಲಿನ ಫ್ಯಾನು ನೋಡುತ್ತಲೇ ಹೇಳಿದಳು: “ಅಷ್ಟು ಅವಸರ ಇದ್ರ ಕಾಲು ಮಂಚದ ಮ್ಯಾಲ ಇಡ್ರಿ. ಮಲಕೊಂಡೇ ಮುಟ್ಟತೀನಿ.”

ಭಾಗೀರಥಿ ಚಹಾ ಕೂಡ ಕುಡಿಯದೆ ಹೊರಟುಹೋದಳು.

ಕಣ್ಣಿನ ಮಂಜು ವಾರದಿಂದ ವಾರಕ್ಕೆ ತಿಳಿಯಾಯಿತು. ಎರಡು ತಿಂಗಳ ಮೇಲೆ ಇಂದುಮತಿ ಸೂರತ್ತಿಗೆ ಹೋಗಿ, ಅಂದು ತಪ್ಪಿದ ನಮಸ್ಕಾರಕ್ಕೆ ಬಾಗಿದಳು. ಅಕ್ಕನ ಕಾಲುಂಗುರದ ಸಣ್ಣ ಗೆರೆಗಳೂ ಕಂಡವು. ಆ ಕಾಲು ಸರಕ್ಕನೆ ಹಿಂದೆ ಸರಿದದ್ದೂ ಅಷ್ಟೇ ಸ್ಪಷ್ಟವಾಗಿ ಕಂಡಿತು.